ಟೆಕ್ಸಸ್ ಶಾಲಾ ಫುಟ್‌ಬಾಲ್: ಚಾಂಪಿಯನ್ನರ ಪಟ್ಟಿ ಓದುವ ಮುನ್ನ

1988ರ ಟೆಕ್ಸಸ್ ಹೈಸ್ಕೂಲ್ ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಫೈನಲ್‌ನಲ್ಲಿ, ದೊಡ್ಡ ಶಾಲೆಗಳ ವರ್ಗದಲ್ಲಿ, ಡಲ್ಲಾಸ್‌ನ ಕಾರ್ಟರ್ ಶಾಲೆ ಕನ್ವರ್ಸ್ ಜಡ್ಸನ್ ಶಾಲೆಯನ್ನು 31–14ರಿಂದ ಸೋಲಿಸಿತು. ಆದರೆ ಚಾಂಪಿಯನ್ನರ ಪಟ್ಟಿಯಲ್ಲಿ ಆ ವರ್ಷದ ಎದುರು ಇರುವುದು ಜಡ್ಸನ್ ಹೆಸರು! ಕ್ರೀಡಾ ದಾಖಲೆಗಳನ್ನು ತಾಳೆ ನೋಡುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ತೋರಿಸುವುದು ಇದೇ ಸಾಲನ್ನು.

ಪಾಠದಲ್ಲಿ ಪಾಸಾಗದವರು ಆಡುವಂತಿಲ್ಲ ಅಂತ 1984ರಲ್ಲಿ ಟೆಕ್ಸಸ್ ಕಾನೂನು ಮಾಡಿತ್ತು. ಕಾರ್ಟರ್‌ನ ಆಟಗಾರನೊಬ್ಬನ ಬೀಜಗಣಿತದ ಅಂಕದ ಬಗ್ಗೆ ತಕರಾರು ಎದ್ದಿತು. ವಿಷಯ ಕೋರ್ಟಿಗೆ ಹೋಯಿತು. ಕೋರ್ಟಿನ ಆದೇಶದ ಬಲದಲ್ಲಿ ತಂಡ ಆಡಿತು, ಗೆದ್ದಿತು. ಆದರೆ ಆ ಆಟಗಾರ ಅನರ್ಹ ಅಂತ ಆಮೇಲೆ ತೀರ್ಮಾನವಾಗಿ, 1991ರಲ್ಲಿ ಪ್ರಶಸ್ತಿ ಕಳೆದುಕೊಂಡಿತು. ಹಾಗಾಗಿ ಪಟ್ಟಿಯನ್ನು ಸುಮ್ನೆ ಓದಿದರೆ ಸಾಲದು. ಆ ವರ್ಷ ಯಾವ ನಿಯಮ ಇತ್ತು, ಆಡಲು ಯಾರಿಗೆ ಅವಕಾಶ ಇತ್ತು ಅಂತಲೂ ಕೇಳಬೇಕು.

ಯುಐಎಲ್ ಎಂಬ ಶಾಲಾ ಸ್ಪರ್ಧಾ ಸಂಸ್ಥೆ ರಾಜ್ಯ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1920ರ ಸೀಸನ್‌ನಲ್ಲಿ. ಮೊದಲ ಫೈನಲ್ಲೇ 0–0. ಹ್ಯೂಸ್ಟನ್ ಹೈಟ್ಸ್ ಮತ್ತು ಕ್ಲೀಬರ್ನ್ ಜಂಟಿ ವಿಜೇತರಾದವು. 1984ರಲ್ಲೂ ಒಡೆಸ್ಸಾ ಪರ್ಮಿಯನ್ ಮತ್ತು ಬ್ಯೂಮಾಂಟ್ ಫ್ರೆಂಚ್ 21–21ಕ್ಕೆ ನಿಂತು ಪ್ರಶಸ್ತಿ ಹಂಚಿಕೊಂಡವು. ಫೈನಲ್‌ಗೆ ಮೊದಲಿನ ಸುತ್ತುಗಳಲ್ಲಿ ಹೀಗೆ ಹಂಚುವಂತಿರಲಿಲ್ಲ, ಯಾರಾದರೂ ಒಬ್ಬರು ಮುಂದೆ ಹೋಗಲೇಬೇಕು. ಎದುರಾಳಿಯ 20 ಗಜದ ಗೆರೆಯೊಳಗೆ ಯಾರು ಜಾಸ್ತಿ ಸಲ ನುಗ್ಗಿದರು ಅಂತ ಎಣಿಸುತ್ತಿದ್ದರು. ಹೆಚ್ಚುವರಿ ಆಟದಲ್ಲಿ ತೀರ್ಮಾನಿಸುವ ಪದ್ಧತಿ ಬಂದಿದ್ದು 1996ರಲ್ಲಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ. ಯುಐಎಲ್ ದಶಕಗಳ ಕಾಲ ಬಿಳಿಯರ ಶಾಲೆಗಳ ಸಂಸ್ಥೆಯಾಗಿತ್ತು. ಕಪ್ಪು ಮಕ್ಕಳ ಶಾಲೆಗಳಿಗೆ ಪ್ರೇರಿ ವ್ಯೂ ಕಾಲೇಜಿನ ಆಶ್ರಯದಲ್ಲಿ ಪಿವಿಐಎಲ್ ಎಂಬ ಪ್ರತ್ಯೇಕ ಲೀಗ್ ಇತ್ತು. ಅದರ ಫುಟ್‌ಬಾಲ್ ಚಾಂಪಿಯನ್‌ಶಿಪ್ 1940ರಲ್ಲಿ ಆರಂಭವಾಯಿತು. ಶುಕ್ರವಾರ ರಾತ್ರಿ ಮೈದಾನ ಬಿಳಿಯರ ಶಾಲೆಗಳಿಗೆ ಮೀಸಲು. ಉಳಿದವರು ಬುಧವಾರ, ಗುರುವಾರ ಆಡಬೇಕಿತ್ತು. ಟೆಂಪಲ್‌ನ ಡನ್‌ಬಾರ್ ಶಾಲೆಯ ಜೋ ಗ್ರೀನ್, ಬ್ಯೂಮಾಂಟ್‌ನ ಚಾರ್ಲ್ಟನ್-ಪೊಲಾರ್ಡ್ ಶಾಲೆಯ ಬಬ್ಬಾ ಸ್ಮಿತ್ ಬೆಳೆದಿದ್ದು ಇದೇ ಲೀಗಿನಲ್ಲಿ. ಇಬ್ಬರೂ ಮುಂದೆ ವೃತ್ತಿಪರ ಲೀಗಿನ ದೊಡ್ಡ ಹೆಸರುಗಳಾದರು. ಇತ್ತ ಯುಐಎಲ್‌ನ ಅಬಿಲೀನ್ ಶಾಲೆ 1954ರಿಂದ 1957ರ ನಡುವೆ ಸತತ 49 ಪಂದ್ಯ ಗೆದ್ದಿತು. ದೊಡ್ಡ ಸಾಧನೆಯೇ. ಆದರೆ ಅದು ಎದುರಿಸಿದ್ದು ಎರಡು ಲೀಗುಗಳಲ್ಲಿ ಒಂದರ ತಂಡಗಳನ್ನು ಮಾತ್ರ ಅಲ್ವಾ? ಪಿವಿಐಎಲ್ 1970ರಲ್ಲಿ ಮುಚ್ಚಿತು. ಆ ವರ್ಷಗಳ ಯಾವ ಪಟ್ಟಿಯೇ ಆಗಲಿ, ಎರಡೂ ಲೀಗಿನ ವಿಜೇತರನ್ನು ಅಕ್ಕಪಕ್ಕ ಕೊಡದಿದ್ದರೆ ನಾನು ಅದನ್ನು ಒಪ್ಪುವುದಿಲ್ಲ.

ಈಗ ವರ್ಷಕ್ಕೆ 12 ಚಾಂಪಿಯನ್ನರು. ಶಾಲೆಯ ಮಕ್ಕಳ ಸಂಖ್ಯೆ ನೋಡಿ 1ಎಯಿಂದ 6ಎವರೆಗೆ ಆರು ವರ್ಗ, ಪ್ರತಿ ವರ್ಗದಲ್ಲಿ ಎರಡು ವಿಭಾಗ. 1ಎ ಶಾಲೆಗಳದ್ದು ತಂಡಕ್ಕೆ ಆರೇ ಜನರ ಆಟ. ಎರಡು ವರ್ಷಕ್ಕೊಮ್ಮೆ ವರ್ಗಗಳನ್ನು ಮತ್ತೆ ಹಂಚುತ್ತಾರೆ. ಡಲ್ಲಾಸ್ ಸುತ್ತ ನೆಲೆಸಿರುವ ಕನ್ನಡದ ಕುಟುಂಬಗಳು ಇದನ್ನು ಗಮನಿಸಬೇಕು. ಅಲ್ಲಿನ ಫ್ರಿಸ್ಕೋ ಎಂಬ ಊರು ಬೇಕೆಂದೇ ಚಿಕ್ಕ ಚಿಕ್ಕ ಹೈಸ್ಕೂಲುಗಳನ್ನು ಕಟ್ಟುತ್ತಾ ಬಂದಿದೆ. ಪಕ್ಕದ ಆಲನ್ ಊರಿಗೆಲ್ಲ ಒಂದೇ ಹೈಸ್ಕೂಲು ಇಟ್ಟುಕೊಂಡಿದೆ. ಆಲನ್ 2012ರಿಂದ 2014ರವರೆಗೆ ಸತತ ಮೂರು ಸಲ ದೊಡ್ಡ ಶಾಲೆಗಳ ವರ್ಗದಲ್ಲಿ ಪ್ರಶಸ್ತಿ ಗೆದ್ದಿತು. ಫ್ರಿಸ್ಕೋದಲ್ಲಿ ಆಟಗಾರರು ಹಲವು ಶಾಲೆಗಳಿಗೆ ಹಂಚಿಹೋಗುತ್ತಾರೆ, ಆದರೆ ತಂಡದಲ್ಲಿ ಜಾಗ ಸಿಗುವ ಮಕ್ಕಳು ಅಲ್ಲೇ ಜಾಸ್ತಿ.