ಡೀಬಗ್ಗರ್ ಕೊಳ್ಳುವ ಮುನ್ನ ತಪ್ಪಿರುವ ಪ್ರೋಗ್ರಾಂ ಕೊಟ್ಟು ನೋಡಿ

ಕೊಡಗಿನ ತೋಟಗಳಿಗೆ ಮಳೆಮಾಪಕ, ಪಂಪ್ ನಿಯಂತ್ರಕ ಮಾಡಿಕೊಡುವ ಹುಡುಗರು ಕೇಳುವ ಪ್ರಶ್ನೆ ಒಂದೇ: ಪ್ರೋಗ್ರಾಮಿನ ತಪ್ಪು ಹಿಡಿಯಲು ಯಾವ ಸಿಮ್ಯುಲೇಟರ್ (ಚಿಪ್ಪನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶ), ಯಾವ ಡೀಬಗ್ಗರ್ (ನಿಜವಾದ ಚಿಪ್ಪಿಗೆ ಜೋಡಿಸಿ ತಪ್ಪು ಹುಡುಕುವ ಸಲಕರಣೆ) ಒಳ್ಳೆಯದು? ಕಂಪನಿಗಳು ಕೊಡುವ ಗುಣಪಟ್ಟಿಯನ್ನು ನಾನು ಓದುವುದೇ ಇಲ್ಲ. ತಪ್ಪು ಎಲ್ಲಿದೆಯೆಂದು ನನಗೆ ಮೊದಲೇ ಗೊತ್ತಿರುವ ಪ್ರೋಗ್ರಾಂ ಕೊಟ್ಟು, ಹಿಡಿಯುತ್ತದೆಯೋ ಇಲ್ಲವೋ ನೋಡುತ್ತೇನೆ.

ನನ್ನ ಮೆಚ್ಚಿನ ತಪ್ಪು ಮಳೆಮಾಪಕದ್ದು. ಅದರೊಳಗಿನ ಪುಟ್ಟ ಬಕೆಟ್ 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ, ಇಂಟರಪ್ಟ್ (ಚಿಪ್ ಮಾಡುತ್ತಿರುವ ಕೆಲಸವನ್ನು ನಡುವೆ ತಡೆಯುವ ಸಂಕೇತ) ಬಂದು ಎಣಿಕೆ ಒಂದು ಏರುತ್ತದೆ. ಎಣಿಕೆ 16 ಬಿಟ್‌ನದು, ಎಂದರೆ ಎರಡು ಬೈಟ್. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ 8 ಬಿಟ್‌ನ ಚಿಪ್ ಆದ್ದರಿಂದ ಅದನ್ನು ಎರಡು ಕಂತಿನಲ್ಲಿ ಓದುತ್ತದೆ. ಎಣಿಕೆ 255 ಇದ್ದಾಗ ಕೆಳಗಿನ ಬೈಟ್ ಓದಿಯಾಯಿತು. ಅಷ್ಟರಲ್ಲಿ ಬಕೆಟ್ ಮಗುಚಿ 256 ಆಯಿತು. ಆಮೇಲೆ ಮೇಲಿನ ಬೈಟ್ ಓದಿತು ಎನ್ನಿ. ಕೈಗೆ ಸಿಗುವುದು ಹಳೆಯ 255ಕ್ಕೆ ಹೊಸ 256 ಸೇರಿ 511. 51.2 ಮಿ.ಮೀ. ಮಳೆ 102.2 ಎಂದು ದಾಖಲಾಗುತ್ತದೆ. ಬಯಲುಸೀಮೆಯಲ್ಲಿ ಈ ಗಡಿ ಮುಟ್ಟಲು ವಾರಗಳೇ ಬೇಕಾಗಬಹುದು, ಭಾಗಮಂಡಲದಲ್ಲಿ ಜುಲೈನ ಒಂದು ದಿನ ಸಾಕು.

ಎರಡು ಓದುಗಳ ನಡುವಿನ ಈ ಕಿಂಡಿ ಒಂದು ಮೈಕ್ರೊಸೆಕೆಂಡಿಗಿಂತಲೂ ಕಿರಿದು. ಸಿಮ್ಯುಲೇಟರಿನಲ್ಲಿ ಬಕೆಟ್ಟಿನ ಬದಲಿಗೆ ತೆರೆಯ ಮೇಲಿನ ಬಟನ್ ಚಿತ್ರವನ್ನು ಎಷ್ಟು ಒತ್ತಿದರೂ ಈ ತಪ್ಪು ಸಿಗುವುದು ಅನುಮಾನ. ಸಿಮ್‌ಎವಿಆರ್ ಎಂಬ ಸಿಮ್ಯುಲೇಟರ್ ಇಲ್ಲಿ ಗೆಲ್ಲುತ್ತದೆ: ಅದು ಸಿ ಭಾಷೆಯ ಲೈಬ್ರರಿ, ಒಂದೊಂದೇ ಸೂಚನೆ ನಡೆಸುತ್ತ ಬೇಕಾದ ಜಾಗದಲ್ಲೇ ಪಿನ್ನಿಗೆ ಪಲ್ಸ್ ಕೊಡಬಹುದು. ನೋಡಲು ಚೆಂದವೇನಲ್ಲ, ಇರಲಿ. ವೊಕ್ವಿ ಎಂಬ ಬ್ರೌಸರ್ ಸಿಮ್ಯುಲೇಟರಿನ ಒಂದು ಗುಣವನ್ನೂ ಹೇಳಬೇಕು: ಅದರ ಬಟನ್ ನಿಜವಾದ ಸ್ವಿಚ್ಚಿನಂತೆ ಅದುರುತ್ತದೆ. ಮಾಪಕದ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಒಂದೇ ಮಗುಚುವಿಕೆಗೆ ಎರಡೆರಡು ಎಣಿಕೆ ಕೊಡುವ ಕಾಟ ಅಲ್ಲಿಯೇ ಗೊತ್ತಾಗುತ್ತದೆ.

ಹಾರ್ಡ್‌ವೇರ್ ಡೀಬಗ್ಗರಿಗೆ ನನ್ನ ಪರೀಕ್ಷೆ ಬೇರೆ. ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಬಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಚಾಲೂ ಮಾಡಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಗುರುತು) ಇಡುತ್ತೇನೆ. ಎಸ್‌ಟಿಎಂ32 ಚಿಪ್ಪುಗಳಲ್ಲಿ ಪ್ರೊಸೆಸರ್ ನಿಂತರೂ ಸ್ವತಂತ್ರ ವಾಚ್‌ಡಾಗ್ ಓಡುತ್ತಲೇ ಇದ್ದು ಬೋರ್ಡನ್ನು ರೀಸೆಟ್ ಮಾಡಿಬಿಡುತ್ತದೆ; ಅದನ್ನು ತಡೆಯುವ ಬಿಟ್ ಹಾಕಲು ಸುಲಭ ದಾರಿ ಇರುವ ಸಲಕರಣೆಗೇ ನನ್ನ ಮತ. ಊನೊ ಬೋರ್ಡಿನಲ್ಲಿ ಡೀಬಗ್‌ವೈರ್ (ರೀಸೆಟ್ ಗೆರೆಯ ಮೂಲಕವೇ ಡೀಬಗ್ ಮಾಡುವ ವಿಧಾನ) ಬಳಸುವವರು ಆ ಗೆರೆಯ ಕೆಪಾಸಿಟರನ್ನು ಮೊದಲು ಬಿಡಿಸಿಕೊಳ್ಳಲಿ.

ಇನ್ನು ಪಂಪಿನ ಕಾಂಟ್ಯಾಕ್ಟರ್ (ಮೋಟಾರನ್ನು ಹಾಕಿ ತೆಗೆಯುವ ದೊಡ್ಡ ಸ್ವಿಚ್) ಬಿಡುವಾಗ ಏಳುವ ವಿದ್ಯುತ್ ಗದ್ದಲವನ್ನು ಈ ಸಿಮ್ಯುಲೇಟರುಗಳು ಕಾಣವು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೆ ಮುಂಚೆಯೇ ಬೋರ್ಡನ್ನು ಪಂಪ್‌ಹೌಸಿಗೆ ಒಯ್ದು, ಮೋಟಾರನ್ನು ಹತ್ತಾರು ಸಲ ಹಾಕಿ ತೆಗೆದು, ರೀಸೆಟ್ ಆದಾಗಲೆಲ್ಲ ಎಟಿಮೆಗಾ ಚಿಪ್ಪು ಅದರ ಕಾರಣ ಬರೆದಿಡುವ ಎಂಸಿಯುಎಸ್‌ಆರ್ ರಿಜಿಸ್ಟರನ್ನು ಓದಿ. ಬೂಟ್‌ಲೋಡರ್ (ಚಿಪ್ ಎದ್ದೊಡನೆ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಅದನ್ನು ಮೊದಲೇ ಅಳಿಸಿರಬಹುದು. ಹಾಗಿದ್ದರೆ ಬೂಟ್‌ಲೋಡರ್ ಇಲ್ಲದೆ ನೇರವಾಗಿ ಪ್ರೋಗ್ರಾಂ ತುಂಬಿ.