ಓದುಗರ ಪ್ರಶ್ನೆ: ಚಾರ್ಟರ್ ಶಾಲೆಯ ಬೋರ್ಡ್‌ನಲ್ಲಿ ಯಾರಿರುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನಿಂದ ಸ್ಯಾನ್ ಹೋಸೆಗೆ ಬಂದು ಎಂಟು ತಿಂಗಳಾಯಿತು. ಮಗಳನ್ನು ಹತ್ತಿರದ ಚಾರ್ಟರ್ ಶಾಲೆಗೆ ಸೇರಿಸುವ ಯೋಚನೆ ಇದೆ. ಆ ಶಾಲೆಯ ಬೋರ್ಡ್‌ನಲ್ಲಿ ಯಾರಿರುತ್ತಾರೆ? ಅವರನ್ನು ಆರಿಸುವವರು ಯಾರು? ಬೋರ್ಡ್‌ನವರ ಪರಿಚಯ ಇದ್ದರೆ ಸೀಟಿಗೆ ಅನುಕೂಲ ಆಗುತ್ತದಾ?

ಉತ್ತರ: ಅಡ್ಮಿಷನ್ ಕಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಊರು ಬೇರೆ, ಮಗುವಿನ ವಯಸ್ಸು ಬೇರೆ, ಕೊನೆಯ ಸಾಲು ಮಾತ್ರ ಯಾವಾಗಲೂ ಅದೇ. ಬಿಡಿಬಿಡಿಯಾಗಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡಲ್ಲಿ, ಆದರೆ ತನ್ನದೇ ಬೋರ್ಡ್‌ನ ಕೈಕೆಳಗೆ ನಡೆಯುವ ಸಾರ್ವಜನಿಕ ಶಾಲೆ. ಇಲ್ಲಿನ ಒಂದು ಚಾರ್ಟರ್ ಶಾಲೆಯ ಬೋರ್ಡ್‌ನಲ್ಲಿ ಪೋಷಕರ ಸ್ಥಾನದಲ್ಲಿ ನಾನು ಮೂರು ವರ್ಷ ಇದ್ದೆ. ಹಾಗಾಗಿ ಈ ವಿಷಯದಲ್ಲಿ ತಪ್ಪು ಮಾತು ಕೇಳಿದರೆ ಸುಮ್ನೆ ಇರೋಕೆ ಆಗುವುದಿಲ್ಲ. ನಾನು ಹೇಳುವುದು ಕ್ಯಾಲಿಫೋರ್ನಿಯಾದ ಲೆಕ್ಕ. ಬೇರೆ ರಾಜ್ಯಗಳಲ್ಲಿ ಕಾನೂನು ಬೇರೆ.

ಮೊದಲು ಚಿಕ್ಕ ಉತ್ತರ. ಬೋರ್ಡ್‌ನಲ್ಲಿ ಎಷ್ಟು ಜನ ಇರಬೇಕು, ಯಾರ್ಯಾರು ಇರಬೇಕು ಅಂತ ಇಲ್ಲಿನ ಚಾರ್ಟರ್ ಕಾನೂನು ಲೆಕ್ಕ ಕೊಟ್ಟಿಲ್ಲ. ಅದು ಶಾಲೆಯ ಅರ್ಜಿಯಲ್ಲಿ ಮತ್ತು ಬೈಲಾದಲ್ಲಿ, ಅಂದರೆ ಸಂಸ್ಥೆಯ ಒಳನಿಯಮಗಳಲ್ಲಿ, ಇರುತ್ತದೆ. ಶಾಲೆ ತೆರೆಯಲು ಕೊಡುವ ಅರ್ಜಿಯಲ್ಲಿ 15 ಅಂಶ ಬರೆಯಲೇಬೇಕು. ಅದರಲ್ಲಿ ಆಡಳಿತ ಹೇಗೆ ನಡೆಯುತ್ತದೆ, ಪೋಷಕರಿಗೆ ಅದರಲ್ಲಿ ಏನು ಪಾಲು ಅನ್ನುವುದು ಒಂದು. ಐದು, ಏಳು, ಒಂಬತ್ತು ಅಂತ ಬೆಸ ಸಂಖ್ಯೆ ಇಟ್ಟುಕೊಳ್ಳುವುದು ವಾಡಿಕೆ. ನಾವು ಏಳು ಜನ ಇದ್ದೆವು. ಇಬ್ಬರು ಪೋಷಕರು, ಒಬ್ಬರು ನಿವೃತ್ತ ಟೀಚರ್, ಒಬ್ಬರು ಅಕೌಂಟೆಂಟ್, ಒಬ್ಬರು ಲಾಯರ್, ಇಬ್ಬರು ಊರಿನವರು. ಯಾರಿಗೂ ಸಂಬಳ ಇರಲಿಲ್ಲ.

ಆರಿಸುವುದು ಯಾರು? ಬಹಳಷ್ಟು ಕಡೆ ಇರುವ ಸದಸ್ಯರೇ ಹೊಸಬರನ್ನು ಆರಿಸುತ್ತಾರೆ. ಕೆಲವು ಶಾಲೆಗಳಲ್ಲಿ ಪೋಷಕರ ಸ್ಥಾನಕ್ಕೆ ಪೋಷಕರೇ ವೋಟು ಹಾಕುತ್ತಾರೆ. ಇದರ ಜೊತೆಗೆ, ಶಾಲೆಗೆ ಒಪ್ಪಿಗೆ ಕೊಟ್ಟ ಡಿಸ್ಟ್ರಿಕ್ಟ್ (ಆ ಭಾಗದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ) ಬಯಸಿದರೆ ತನ್ನ ಕಡೆಯ ಒಬ್ಬರನ್ನು ಬೋರ್ಡ್‌ಗೆ ಹಾಕುವ ಹಕ್ಕು ಇಟ್ಟುಕೊಂಡಿದೆ. ಚಾರ್ಟರ್ ಕಾನೂನನ್ನು ಎಲ್ಲರಿಗಿಂತ ಮೊದಲು, 1991ರಲ್ಲಿ ತಂದದ್ದು ಮಿನೆಸೋಟಾ. ಅಲ್ಲಿ ಇದು ಬಿಗಿ. ಕನಿಷ್ಠ ಐದು ಜನ ಬೇಕು. ಅವರು ಒಬ್ಬರಿಗೊಬ್ಬರು ಸಂಬಂಧಿಕರಾಗಿರಬಾರದು. ಒಬ್ಬ ಟೀಚರ್, ಒಬ್ಬ ಪೋಷಕ, ಒಬ್ಬ ಊರಿನವರು ಇರಲೇಬೇಕು, ಮತ್ತು ಚುನಾವಣೆ ನಡೆಯಬೇಕು. ಮರುವರ್ಷ, 1992ರಲ್ಲಿ, ಕಾನೂನು ತಂದ ಕ್ಯಾಲಿಫೋರ್ನಿಯಾ ಅಷ್ಟು ಕಟ್ಟು ಹಾಕಲಿಲ್ಲ. ಹಾಕಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ನೋಡಿದವರಿಗೆ ಗೊತ್ತು, ಅಲ್ಲಿ ಹೆಚ್ಚಿನವರು ಪೋಷಕರೇ. ಇಲ್ಲಿ ಒಬ್ಬ ಪೋಷಕರೂ ಇಲ್ಲದ ಬೋರ್ಡ್ ಕಾನೂನುಬದ್ಧವಾಗಿಯೇ ಇರಬಹುದು. ಸೇರಿಸುವ ಮೊದಲು ಬೈಲಾ ತೆಗೆದು ಇದೊಂದನ್ನು ನೋಡಿಕೊಳ್ಳಿ.

ಈಗ ಪರಿಚಯದ ಮಾತಿಗೆ ಬರೋಣ.

ಒಂದು ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. "ನೀವು ಮ್ಯಾನೇಜ್‌ಮೆಂಟ್‌ನಲ್ಲಿ ಇದ್ದೀರಂತೆ. ಮೊಮ್ಮಗನಿಗೆ ಒಂದು ಸೀಟು ಮಾಡಿಸಿಕೊಡಿ. ಎಷ್ಟಾದರೂ ಆಗಲಿ, ನೋಡಿಕೊಳ್ಳೋಣ" ಅಂದರು. ಅವರು ಕೆಟ್ಟವರಲ್ಲ. ಅವರು ಕಂಡ ಲೋಕ ಅದು. ನಮ್ಮಲ್ಲಿ ಖಾಸಗಿ ಶಾಲೆ ಅಂದರೆ ಒಂದು ಟ್ರಸ್ಟ್, ಟ್ರಸ್ಟ್ ಅಂದರೆ ಎಷ್ಟೋ ಕಡೆ ಒಂದು ಮನೆತನ. ಮ್ಯಾನೇಜ್‌ಮೆಂಟ್ ಸೀಟು, ಡೊನೇಷನ್, ಯಾರದೋ ಶಿಫಾರಸು ಪತ್ರ, ಇವೆಲ್ಲ ಬೆಳೆಯುತ್ತಾ ಕೇಳಿದ ಮಾತುಗಳೇ. ಹಾಗಾಗಿ ಇಲ್ಲಿ "ಬೋರ್ಡ್" ಅನ್ನುವ ಪದ ಕಿವಿಗೆ ಬಿದ್ದ ತಕ್ಷಣ ಮನಸ್ಸಿಗೆ "ಓನರ್" ಅಂತ ಕೇಳಿಸುತ್ತದೆ. ನಾನು ಕಿತ್ತು ಹಾಕಬೇಕು ಅಂದುಕೊಂಡಿರುವುದು ಈ ಒಂದು ನಂಬಿಕೆಯನ್ನು.

ಚಾರ್ಟರ್ ಶಾಲೆಗೆ ಓನರ್ ಇಲ್ಲ. ಅದು ಸರ್ಕಾರದ ದುಡ್ಡಲ್ಲಿ ನಡೆಯುವ ಸಾರ್ವಜನಿಕ ಶಾಲೆ. ಫೀಸು ತೆಗೆದುಕೊಳ್ಳುವಂತಿಲ್ಲ. ಹೆಚ್ಚಿನವನ್ನು ನಡೆಸುವುದು ಲಾಭಕ್ಕಾಗಿ ಅಲ್ಲದ ಒಂದು ಸಂಸ್ಥೆ. ಅಂಥ ಸಂಸ್ಥೆಯಲ್ಲಿ ಷೇರು ಇಲ್ಲ, ಲಾಭ ಹಂಚಿಕೆ ಇಲ್ಲ, ಅಪ್ಪನಿಂದ ಮಗನಿಗೆ ಹೋಗುವ ಆಸ್ತಿ ಇಲ್ಲ. ಶಾಲೆ ಮುಚ್ಚಿದರೂ ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. 2018ರಲ್ಲಿ ಬಂದ ಕಾನೂನಿನ ಪ್ರಕಾರ, 2019ರ ಜುಲೈನಿಂದ ಲಾಭದ ಕಂಪನಿಗಳು ಇಲ್ಲಿ ಚಾರ್ಟರ್ ಶಾಲೆ ನಡೆಸುವಂತೆಯೇ ಇಲ್ಲ. ಮೇಲಾಗಿ ಶಾಲೆಯ ಪರವಾನಗಿಯೇ ಶಾಶ್ವತ ಅಲ್ಲ. ಮೊದಲ ಸಲ ಹೆಚ್ಚೆಂದರೆ 5 ವರ್ಷಕ್ಕೆ ಕೊಡುತ್ತಾರೆ. ಮಕ್ಕಳ ಕಲಿಕೆ ಹಳ್ಳ ಹಿಡಿದಿದ್ದರೆ ನವೀಕರಣ ಕಷ್ಟ. ಕೆಲವು ವರ್ಷಕ್ಕೊಮ್ಮೆ ಕೇಳಿ ಪಡೆಯಬೇಕಾದ್ದನ್ನು ನಮ್ಮದು ಅನ್ನೋಕೆ ಆಗುತ್ತದಾ?

"ಆಯ್ತು, ಓನರ್ ಅಲ್ಲ. ಒಳಗಿಂದ ಮಾಡಿಕೊಳ್ಳುವುದು ಇದ್ದೇ ಇರುತ್ತದಲ್ಲ" ಅನ್ನುತ್ತಾರೆ. ಅದಕ್ಕೂ ಬೇಲಿ ಇದೆ. ಬೋರ್ಡ್‌ಗೆ ಸೇರಿದ 30 ದಿನದೊಳಗೆ ನಾನು ಫಾರ್ಮ್ 700 ಅನ್ನುವ, ಹಣಕಾಸಿನ ಹಿತಾಸಕ್ತಿ ಘೋಷಿಸುವ ಕಾಗದ ತುಂಬಿದೆ. ಊಟದ ಮೇಜಿನ ಮೇಲೆ ಷೇರಿನ ಕಾಗದಗಳನ್ನೆಲ್ಲ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕೂತೆ. ಯಾವ ಕಂಪನಿಯಲ್ಲಿ ಪಾಲಿದೆ, ಯಾರಿಂದ ಉಡುಗೊರೆ ಬಂದಿದೆ, ಮನೆಯವರ ಆದಾಯ ಎಲ್ಲಿಂದ, ಬರೆಯಬೇಕಾದ್ದನ್ನೆಲ್ಲ ಬರೆದೆ. ಅದು ಗುಟ್ಟಿನ ಕಾಗದ ಅಲ್ಲ. ಯಾರು ಬೇಕಾದರೂ ಕೇಳಿ ನೋಡಬಹುದು. ಪ್ರತಿ ವರ್ಷ ಮತ್ತೆ ಬರೆಯಬೇಕು, ಬೋರ್ಡ್ ಬಿಡುವಾಗಲೂ ಬರೆಯಬೇಕು. ಇನ್ನು ಗುತ್ತಿಗೆ. ಸದಸ್ಯರೊಬ್ಬರ ಕಂಪನಿಯಿಂದ ಶಾಲೆಗೆ ಕಂಪ್ಯೂಟರ್ ಕೊಳ್ಳಬೇಕು ಅಂತಿಟ್ಟುಕೊಳ್ಳಿ. ಆ ಸದಸ್ಯರು ಎದ್ದು ಹೊರಗೆ ಹೋಗಿ, ಉಳಿದವರು ವೋಟು ಹಾಕಿದರೆ ಸಾಕಲ್ಲ ಅನಿಸುತ್ತದೆ. ಸಾಲದು. ಕೆಲವೇ ವಿನಾಯಿತಿ ಬಿಟ್ಟರೆ ಇಡೀ ಬೋರ್ಡೇ ಆ ಗುತ್ತಿಗೆ ಮಾಡುವಂತಿಲ್ಲ. ಮಾಡಿದರೆ ಅದು ಅಸಿಂಧು. ಈ ನಿಯಮಗಳೆಲ್ಲ ಚಾರ್ಟರ್ ಶಾಲೆಗೂ ಅನ್ವಯಿಸುತ್ತವೆ ಅಂತ 2019ರಲ್ಲಿ ಬಂದ ಎಸ್‌ಬಿ 126 ಅನ್ನುವ ಕಾನೂನು ಒಂದೇ ಏಟಿಗೆ ಹೇಳಿತು. ಅದಕ್ಕೂ ಮೊದಲು ಇವು ನಮಗೆ ಹತ್ತುತ್ತವೋ ಇಲ್ಲವೋ ಅಂತ ವರ್ಷಗಟ್ಟಲೆ ವಾದ ನಡೆದಿತ್ತು.

ಹಾಗಾದರೆ ಮೋಸ ನಡೆದೇ ಇಲ್ಲವಾ? ನಡೆದಿದೆ, ದೊಡ್ಡದಾಗಿಯೇ ನಡೆದಿದೆ. 2019ರಲ್ಲಿ ಸ್ಯಾನ್ ಡಿಯೇಗೊ ಕೌಂಟಿಯ ಸರ್ಕಾರಿ ವಕೀಲರು ಎ3 ಅನ್ನುವ ಆನ್‌ಲೈನ್ ಚಾರ್ಟರ್ ಜಾಲದ ಮೇಲೆ ಕೇಸು ಹಾಕಿದರು. ಆರೋಪಿಗಳು 11 ಜನ. 5 ಕೋಟಿ ಡಾಲರ್‌ನಷ್ಟು ಸಾರ್ವಜನಿಕ ದುಡ್ಡು ಪಕ್ಕಕ್ಕೆ ಹೋಗಿದೆ ಅನ್ನುವುದು ಆರೋಪ. ಮುಖ್ಯ ಆರೋಪಿಗಳಿಬ್ಬರು 2021ರಲ್ಲಿ ತಪ್ಪೊಪ್ಪಿಕೊಂಡರು. "ನೋಡಿ, ಓನರ್‌ಗಳು ತಿಂದರು" ಅಂತ ಈ ಕಥೆಯನ್ನೇ ನನಗೆ ಉದಾಹರಣೆ ಕೊಡುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಅವರದ್ದೇ ಶಾಲೆ, ಅವರದ್ದೇ ದುಡ್ಡು ಆಗಿದ್ದರೆ ಅದು ಕಳ್ಳತನ ಹೇಗಾಗುತ್ತಿತ್ತು? ಅವರದ್ದಲ್ಲ ಅನ್ನುವುದಕ್ಕೇ ಕೇಸಾಯಿತು. ಅಲ್ಲಿ ಸೋತದ್ದು ಕಾವಲು. ಕಾವಲಿನ ಮೊದಲ ಕೆಲಸ ಬೋರ್ಡಿನದು, ಎರಡನೆಯದು ಒಪ್ಪಿಗೆ ಕೊಟ್ಟ ಡಿಸ್ಟ್ರಿಕ್ಟಿನದು. ಆ ಕೆಲಸಕ್ಕೆಂದೇ ಡಿಸ್ಟ್ರಿಕ್ಟ್ ಶಾಲೆಯ ಆದಾಯದಲ್ಲಿ 1% ವರೆಗೆ ತೆಗೆದುಕೊಳ್ಳಬಹುದು.

ಸೀಟಿನ ವಿಷಯ ಇನ್ನೂ ನೇರ. ಜಾಗಕ್ಕಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ. ಅದೂ ಎಲ್ಲರೆದುರು ಎತ್ತುವ ಲಾಟರಿ. ಬೋರ್ಡ್ ಸದಸ್ಯರು ಮಾತ್ರ ಅಲ್ಲ, ಪ್ರಿನ್ಸಿಪಾಲರು ಮನಸ್ಸು ಮಾಡಿದರೂ ಒಂದು ಹೆಸರನ್ನು ಮೇಲಕ್ಕೆ ತರುವಂತಿಲ್ಲ. ಆದರೆ ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ, ಆ ಬೆಂಕಿ ಎಲ್ಲಿದೆ ಅಂತಲೂ ಹೇಳುತ್ತೇನೆ. ಡಿಸ್ಟ್ರಿಕ್ಟ್ ಒಳಗೆ ವಾಸ ಇರುವ ಮಕ್ಕಳಿಗೆ ಆದ್ಯತೆ ಇದೆ. ಇದರ ಮೇಲೆ, ಶಾಲೆ ತೆರೆಯುವ ಅರ್ಜಿಯಲ್ಲಿ ಮೊದಲೇ ಬರೆದು ಒಪ್ಪಿಗೆ ಪಡೆದಿದ್ದರೆ, ಓದುತ್ತಿರುವ ಮಕ್ಕಳ ಅಣ್ಣ ತಮ್ಮ ಅಕ್ಕ ತಂಗಿಯರಿಗೆ, ಟೀಚರ್ ಮತ್ತು ಸಿಬ್ಬಂದಿಯ ಮಕ್ಕಳಿಗೆ, ಮೂಲ ಅರ್ಜಿಯಲ್ಲಿ ಹೆಸರಿರುವ ಸ್ಥಾಪಕರ ಮಕ್ಕಳಿಗೂ ಆದ್ಯತೆ ಕೊಡಬಹುದು. ಸ್ಥಾಪಕರ ಮಗು ಒಳಗೆ ಬಂದದ್ದನ್ನು ಯಾರೋ ನೋಡಿರುತ್ತಾರೆ. "ಬೋರ್ಡ್‌ನವರ ಮಗುವಿಗೆ ಸಿಕ್ಕಿತು" ಅಂತ ಮಾತು ಹಬ್ಬುತ್ತದೆ. ಸ್ಥಾಪಕರ ಹೆಸರು ಶಾಲೆ ತೆರೆಯುವ ಮೊದಲೇ ಬರೆದಾಗಿರುತ್ತದೆ. ಈಗ ಬೋರ್ಡ್‌ಗೆ ಬಂದವರು ಆ ಪಟ್ಟಿಗೆ ಸೇರುವುದಿಲ್ಲ. ನಮ್ಮ ಪಕ್ಕದ ಮನೆಯ ಮಗುವಿಗೆ ನಾನು ಬೋರ್ಡ್‌ನಲ್ಲಿದ್ದ ಮೂರು ವರ್ಷವೂ ಲಾಟರಿ ಹತ್ತಲಿಲ್ಲ. ಅವರ ಮುಖ ನೋಡಿ ನನಗೆ ಸಂಕಟ ಆಗುತ್ತಿತ್ತು. ಮಾಡುವಂಥದ್ದು ಏನೂ ಇರಲಿಲ್ಲ. ಅಂದ ಹಾಗೆ, "ಇಷ್ಟು ಗಂಟೆ ಶಾಲೆಗೆ ಬಂದು ಸೇವೆ ಮಾಡಿದರೇ ಸೀಟು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಶರತ್ತು ಹಾಕುವಂತಿಲ್ಲ.

ಬೋರ್ಡ್ ಹಾಗಾದರೆ ಮಾಡುವುದೇನು? ಶಾಲೆಯ ಮುಖ್ಯಸ್ಥರನ್ನು ನೇಮಿಸುವುದು, ಅವರ ಕೆಲಸ ಅಳೆಯುವುದು, ಅಗತ್ಯ ಬಿದ್ದರೆ ತೆಗೆಯುವುದು. ಜುಲೈ 1ರೊಳಗೆ ಬಜೆಟ್ ಒಪ್ಪುವುದು. ಡಿಸೆಂಬರ್ 15ಕ್ಕೆ ಹೊರಗಿನ ಆಡಿಟರ್ ವರದಿ ಹೋಗುವಂತೆ ನೋಡಿಕೊಳ್ಳುವುದು. ಯಾವ ಟೀಚರ್ ಯಾವ ತರಗತಿಗೆ, ಮಧ್ಯಾಹ್ನ ಊಟಕ್ಕೆ ಏನು, ಇವು ಮುಖ್ಯಸ್ಥರ ಕೆಲಸ. ಇದರಲ್ಲಿ ಬೋರ್ಡ್ ಕೈ ಹಾಕಿದರೆ ಶಾಲೆ ಕೆಡುತ್ತದೆ.

ಸಭೆಗಳು ನಡೆಯುವುದು ಬ್ರೌನ್ ಕಾಯಿದೆ ಪ್ರಕಾರ. ಇದು 1953ರ ಕಾನೂನು, ನನಗೆ ತುಂಬಾ ಇಷ್ಟವಾದದ್ದು. ಮಾಮೂಲಿ ಸಭೆಗೆ 72 ಗಂಟೆ ಮೊದಲು ಅಜೆಂಡಾ ಎಲ್ಲರಿಗೂ ಕಾಣುವಂತೆ ಹಾಕಬೇಕು. ವಿಶೇಷ ಸಭೆಗೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವಂತಿಲ್ಲ. ಗುಟ್ಟಿನ ವೋಟು ಇಲ್ಲ. ಸಿಬ್ಬಂದಿ, ಕೋರ್ಟು ಕೇಸು ಇಂಥ ಕೆಲವಕ್ಕೆ ಮಾತ್ರ ಬಾಗಿಲು ಹಾಕಿಕೊಂಡು ಕೂರಬಹುದು. ಬೋರ್ಡ್‌ನ ಬಹುಮತದವರು ಸಭೆಯ ಹೊರಗೆ ಶಾಲೆಯ ವಿಷಯ ಚರ್ಚಿಸುವಂತಿಲ್ಲ. ನಾವು ಏಳರಲ್ಲಿ ನಾಲ್ಕು ಜನ ಒಂದು ಇಮೇಲ್‌ನಲ್ಲಿ "ಎಲ್ಲರಿಗೂ ಉತ್ತರಿಸು" ಒತ್ತಿ ಅಭಿಪ್ರಾಯ ಹೇಳುತ್ತಾ ಹೋದರೆ ಅದೇ ಕದ್ದು ನಡೆಸಿದ ಸಭೆ. ವಾಟ್ಸಾಪ್ ಗುಂಪಿಗೂ ಅದೇ ಮಾತು. 2020ರಲ್ಲಿ ಬಂದ ತಿದ್ದುಪಡಿಯಂತೆ, ಶಾಲೆಯ ವಿಷಯವಾಗಿ ಒಬ್ಬ ಸದಸ್ಯರು ಸಾಮಾಜಿಕ ಜಾಲತಾಣದಲ್ಲಿ ಬರೆದದ್ದಕ್ಕೆ ಇನ್ನೊಬ್ಬ ಸದಸ್ಯರು ಹೆಬ್ಬೆರಳಿನ ಗುರುತು (ಲೈಕ್) ಒತ್ತುವುದೂ ತಪ್ಪು. ನಾನು ಮೂರು ವರ್ಷ ಒತ್ತಲಿಲ್ಲ.

ನಾವೂ ಸೇರಬಹುದಾ ಅಂತ ಮುಂದೆ ಕೇಳಿಯೇ ಕೇಳುತ್ತೀರಿ. ಡಿಸ್ಟ್ರಿಕ್ಟ್ ಬೋರ್ಡ್‌ಗೆ ನಿಲ್ಲಲು ಅಲ್ಲಿನ ನೋಂದಾಯಿತ ಮತದಾರರಾಗಿರಬೇಕು. ಚಾರ್ಟರ್ ಬೋರ್ಡ್‌ಗೆ ಅರ್ಹತೆ ಹೇಳುವುದು ಆಯಾ ಶಾಲೆಯ ಬೈಲಾ. ಸೇರದಿದ್ದರೂ ಪರವಾಗಿಲ್ಲ, ಸಭೆಗೆ ಹೋಗಿ ಮಾತಾಡಿ. ಹೆಸರು ಬರೆಯದಿದ್ದರೆ ಒಳಗೆ ಬಿಡುವುದಿಲ್ಲ ಅಂತ ಹೇಳುವಂತಿಲ್ಲ.

ಇನ್ನೊಂದು ವಿಷಯ ಇದುವರೆಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಸಾರ್ವಜನಿಕರಿಗೆ ಮಾತಾಡಲು ಎರಡೋ ಮೂರೋ ನಿಮಿಷ ಕೊಡುತ್ತಾರೆ. ಇಂಗ್ಲಿಷ್ ಬಾರದವರು ಅನುವಾದಕರ ಸಹಾಯದಿಂದ ಮಾತಾಡಿದರೆ ಅದರ ಎರಡು ಪಟ್ಟು ಸಮಯ ಕೊಡಬೇಕು. ಜೊತೆಜೊತೆಗೇ ಕೇಳಿಸುವ ಅನುವಾದದ ಉಪಕರಣ ಇದ್ದರೆ ಮಾತ್ರ ಬೇರೆ ಮಾತು. ಇದೂ ಬ್ರೌನ್ ಕಾಯಿದೆಯಲ್ಲೇ ಇದೆ.

ನಾನು ಬೋರ್ಡ್‌ಗೆ ಸೇರುವ ಮೊದಲಿನ ಮಾತು. ತಿಪಟೂರಿನಿಂದ ನಮ್ಮ ಅತ್ತೆ ಆರು ತಿಂಗಳಿಗೆ ಬಂದಿದ್ದರು. ದಿನಾ ಮೊಮ್ಮಗಳನ್ನು ಕರೆತರಲು ಶಾಲೆಗೆ ಹೋಗುತ್ತಿದ್ದರು. ಗೇಟಿನ ಹತ್ತಿರ ಕೂರಲು ಜಾಗ ಇಲ್ಲ, ನೆರಳೂ ಇಲ್ಲ. ಒಂದು ದಿನ ಮನೆಗೆ ಬಂದು "ಇದನ್ನ ಯಾರಿಗೆ ಹೇಳಬೇಕು?" ಅಂದರು. ಸಭೆಗೆ ಕರೆದುಕೊಂಡು ಹೋದೆ. ಅವರು ಸೆರಗು ಸರಿ ಮಾಡಿಕೊಂಡು ಮೈಕಿನ ಮುಂದೆ ನಿಂತರು. "ಮಕ್ಕಳನ್ನ ಕರಕೊಂಡು ಹೋಗೋಕೆ ಬರೋ ಅಜ್ಜ ಅಜ್ಜೀರು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ತಾರೆ. ಕೂರೋಕೆ ಒಂದು ಬೆಂಚು, ಒಂಚೂರು ನೆರಳು ಮಾಡಿಕೊಡಿ" ಅಂದರು. ನಾನು ಇಂಗ್ಲಿಷಿಗೆ ಹೇಳಿದೆ. ಅಧ್ಯಕ್ಷರು ಎರಡರ ಬದಲು ನಾಲ್ಕು ನಿಮಿಷ ಕೊಟ್ಟಿದ್ದರು. ಅತ್ತೆಗೆ ಒಂದೇ ಸಾಕಾಯಿತು. ವಿಷಯ ಅಜೆಂಡಾದಲ್ಲಿ ಇರಲಿಲ್ಲ, ಹಾಗಾಗಿ ಅವತ್ತು ಬೋರ್ಡ್ ಏನೂ ತೀರ್ಮಾನ ಮಾಡುವಂತಿರಲಿಲ್ಲ. ಮುಖ್ಯಸ್ಥರು ಬರೆದುಕೊಂಡರು. ಮುಂದಿನ ತಿಂಗಳ ಅಜೆಂಡಾದಲ್ಲಿ ಏಳನೇ ವಿಷಯವಾಗಿ ಅದು ಬಂತು, ಬೆಲೆಪಟ್ಟಿ ಸಮೇತ.

ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಗೇಟಿನ ಪಕ್ಕ ಎರಡು ಬೆಂಚು ಬಂದಿದ್ದವು. ಅತ್ತೆ ಅಷ್ಟರಲ್ಲಿ ತಿಪಟೂರಿಗೆ ವಾಪಸಾಗಿದ್ದರು. ಫೋಟೋ ಕಳಿಸಿದೆ. "ನೆರಳು ಎಲ್ಲಿ?" ಅಂತ ಕೇಳಿದರು. ಅದು ಮರುವರ್ಷದ ಬಜೆಟ್ಟಿಗೆ ಹೋಗಿತ್ತು.