ಬಿಚ್ಚಿಕೊಳ್ಳಲೆಂದೇ ಕಟ್ಟುವ ಹಗ್ಗ

ದನ ತಪ್ಪಿಸಿಕೊಳ್ಳಬಾರದು ಅಂತ ಕಣ್ಣಿ ಕಟ್ಟುತ್ತೇವೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೂ ಒಂದು ಕಣ್ಣಿ ಉಂಟು. ಹೆಸರು ಟೆದರ್. ಕೆಲಸ ಮಾತ್ರ ಉಲ್ಟಾ: ಸವಾರ ಉರುಳಿದ ಕೂಡಲೇ ಇದು ಕಿತ್ತು ಬರಬೇಕು. ಹಗ್ಗದ ಒಂದು ತುದಿ ಸವಾರನ ಜಾಕೆಟ್‌ನಲ್ಲಿ, ಇನ್ನೊಂದು ತುದಿಯ ಕ್ಯಾಪ್ ಹ್ಯಾಂಡಲ್ ಹತ್ತಿರದ ಸ್ವಿಚ್ ಮೇಲೆ. ಕ್ಯಾಪ್ ಕಳಚಿದರೆ ಎಂಜಿನ್ ಬಂದ್. ಟ್ರೆಡ್‌ಮಿಲ್‌ನಲ್ಲಿ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ ನೋಡಿರುತ್ತೀರಿ ಅಲ್ವಾ, ಅದೇ ಜಾತಿ.

ಬಿದ್ದವನ ಹೆಬ್ಬೆರಳು ಥ್ರಾಟಲ್, ಅಂದರೆ ಆಕ್ಸಿಲರೇಟರ್, ಬಿಟ್ಟ ಮೇಲೆ ಗಾಡಿ ತಾನೇ ನಿಲ್ಲುವುದಿಲ್ಲವೇ? ಸಾಮಾನ್ಯವಾಗಿ ನಿಲ್ಲುತ್ತದೆ. ಸ್ಪ್ರಿಂಗ್ ಥ್ರಾಟಲನ್ನು ಮುಚ್ಚುತ್ತದೆ. ಎಂಜಿನ್ ನಿಧಾನವಾದಂತೆ ಕ್ಲಚ್ ಗಾಡಿಯನ್ನು ಓಡಿಸುವ ಬೆಲ್ಟನ್ನು ಸಡಿಲ ಬಿಡುತ್ತದೆ. ತೊಂದರೆ ಬರುವುದು ಥ್ರಾಟಲ್ ತೆರೆದೇ ಸಿಕ್ಕಿಕೊಂಡಾಗ. ಎಂಜಿನ್ ಬಿಸಿಗೆ ಕರಗಿದ ಹಿಮ ಕೇಬಲ್ ಒಳಗೆ ಇಳಿದು, ಗಾಡಿ ನಿಂತಾಗ ಮತ್ತೆ ಹೆಪ್ಪುಗಟ್ಟಿದರೆ ಸಾಕು. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. 200 ಕಿಲೋ ದಾಟುವ ಗಾಡಿ ಸವಾರನಿಲ್ಲದೆ ಹಾಗೆ ನುಗ್ಗಿದರೆ ಎದುರಿಗಿದ್ದವರ ಗತಿ? ಹ್ಯಾಂಡಲ್ ಮೇಲೆ ಸ್ಟಾಪ್ ಬಟನ್ ಇದೆ, ನಿಜ. ಆದರೆ ಹಿಮದಲ್ಲಿ ಬಿದ್ದವನಿಗೆ ಅದು ಎಟುಕಬೇಕಲ್ಲ.

ಸ್ವಿಚ್ ಅಂದರೆ ವಿದ್ಯುತ್ತನ್ನು ಕಡಿಯುವ ಸಾಧನ ಅಂತ ನಮ್ಮ ಲೆಕ್ಕ. ಇಲ್ಲಿ ಆ ಲೆಕ್ಕ ತಪ್ಪುತ್ತದೆ. ಹಳೆಯ ಟೂ-ಸ್ಟ್ರೋಕ್ ಸ್ನೋಮೊಬೈಲ್‌ಗಳಲ್ಲಿ ಕಿಡಿ ಹುಟ್ಟುವುದು ಬ್ಯಾಟರಿಯಿಂದಲ್ಲ, ಮ್ಯಾಗ್ನೆಟೊದಿಂದ. ಫ್ಲೈವೀಲ್‌ನ ಅಯಸ್ಕಾಂತಗಳು ಕಾಯಿಲ್ ಪಕ್ಕದಲ್ಲಿ ಸುತ್ತುತ್ತವೆ. ಹುಟ್ಟಿದ ವಿದ್ಯುತ್ ಸಿಡಿಐ ಅನ್ನುವ ಇಗ್ನಿಷನ್ ಪೆಟ್ಟಿಗೆಯಲ್ಲಿ ಶೇಖರವಾಗಿ, ಸರಿಯಾದ ಕ್ಷಣಕ್ಕೆ ಸ್ಪಾರ್ಕ್ ಪ್ಲಗ್ ಕಡೆ ಹೊರಡುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ತನ್ನ ಕಿಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾದರೆ ನಿಲ್ಲಿಸುವುದು ಹೇಗೆ? ವಿದ್ಯುತ್ತಿಗೆ ಇನ್ನೂ ಸುಲಭದ ದಾರಿ ತೋರಿಸಬೇಕು. ಸಿಡಿಐನಿಂದ ಬರುವ ಸ್ಟಾಪ್ ವೈರನ್ನು ಗಾಡಿಯ ಬಾಡಿಗೆ, ಅಂದರೆ ಅರ್ತ್‌ಗೆ, ಮುಟ್ಟಿಸಿದರೆ ವಿದ್ಯುತ್ ಪ್ಲಗ್ ತಂಟೆಗೇ ಹೋಗದೆ ಅಲ್ಲಿಗೆ ಹರಿದುಹೋಗುತ್ತದೆ. ಕಿಡಿ ಸತ್ತಿತು.

ಹೀಗಾಗಿ ಈ ಗಾಡಿಗಳಲ್ಲಿ ಕ್ಯಾಪ್ ಹಾಕಿದ್ದಾಗ ಸ್ವಿಚ್ ತೆರೆದಿರಬೇಕು, ತೆಗೆದಾಗ ಒಳಗಿನ ಸಂಪರ್ಕ ಕೂಡಬೇಕು. ಬ್ಯಾಟರಿಯ ಇಗ್ನಿಷನ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ತದ್ವಿರುದ್ಧ. ತಪ್ಪು ಜಾತಿಯ ಸ್ವಿಚ್ ತಂದರೆ ಕ್ಯಾಪ್ ಕಿತ್ತಾಗ ಎಂಜಿನ್ ಓಡುತ್ತದೆ, ಹಾಕಿದರೆ ನಿಲ್ಲುತ್ತದೆ! ಆ ತಪ್ಪು ಕೂಡಲೇ ಗೊತ್ತಾಗುವುದರಿಂದ ನಕ್ಕು ಸುಮ್ನಾಗಬಹುದು. ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ಕೂಡಿಸಿ ನಿಲ್ಲಿಸುವ ಈ ಏರ್ಪಾಟಿನಲ್ಲಿ ವೈರ್ ತುಂಡಾದರೂ ಎಂಜಿನ್ ಎಂದಿನಂತೆ ಓಡುತ್ತದೆ. ಸ್ವಿಚ್ ಸತ್ತಿದೆ ಅನ್ನುವ ಸುಳಿವೇ ಸಿಗುವುದಿಲ್ಲ, ಬೀಳುವ ತನಕ.

ಜೋಡಿಸುವಾಗ ಜಾಸ್ತಿ ಗಮನ ಬೇಕಾಗುವುದೂ ಇದಕ್ಕೇ. ಮೊದಲು ಗಾಡಿಯ ವೈರಿಂಗ್ ನಕ್ಷೆ ನೋಡಿ ಸ್ಟಾಪ್ ಬಟನ್‌ನ ಎರಡು ವೈರ್ ಗುರುತಿಸಬೇಕು. ಎಂಜಿನ್ ಆಫ್ ಇರುವಾಗ ಮಲ್ಟಿಮೀಟರ್‌ನಿಂದ ಖಚಿತ ಮಾಡಿಕೊಳ್ಳಬಹುದು. ಟೆದರ್ ಸ್ವಿಚ್ಚನ್ನು ಆ ಬಟನ್‌ಗೆ ಸಮಾಂತರವಾಗಿ ಸೇರಿಸಬೇಕು: ಒಂದು ವೈರ್ ಸ್ಟಾಪ್ ವೈರಿಗೆ, ಇನ್ನೊಂದು ಅರ್ತ್‌ಗೆ. ಆಗ ಎರಡರಲ್ಲಿ ಯಾವುದು ಕೂಡಿದರೂ ಎಂಜಿನ್ ನಿಲ್ಲುತ್ತದೆ. ಅರ್ತನ್ನು ಬಣ್ಣ ಬಳಿದ ಯಾವುದೋ ಬೋಲ್ಟಿಗೆ ಕಚ್ಚಿಸುವುದಕ್ಕಿಂತ ಬಟನ್‌ನ ಅರ್ತ್ ವೈರಿಗೇ ಸೇರಿಸುವುದು ಒಳ್ಳೆಯದು. ಬಣ್ಣ, ತುಕ್ಕು ಎರಡೂ ವಿದ್ಯುತ್ತಿಗೆ ಅಡ್ಡ. ಸ್ಟಾಪ್ ವೈರಿಗೆ ಬ್ಯಾಟರಿಯ 12 ವೋಲ್ಟ್ ಮಾತ್ರ ಅಪ್ಪಿತಪ್ಪಿಯೂ ಮುಟ್ಟಿಸಬಾರದು, ಸಿಡಿಐ ಸುಟ್ಟುಹೋಗಬಹುದು. ಎಂಜಿನ್ ಓಡುವಾಗ ಆ ವೈರನ್ನು ಬರಿಗೈಯಲ್ಲಿ ಹಿಡಿದರೆ ಅದೂ ಚೆನ್ನಾಗಿಯೇ ಹೊಡೆಯುತ್ತದೆ.

ರಂಧ್ರ ಕೊರೆಯುವ ಮುಂಚೆ ಹಿಂದೆ ಏನಿದೆ ಅಂತ ಇಣುಕಿ ನೋಡಿ. ಪೆಟ್ರೋಲ್ ಟ್ಯಾಂಕ್ ಇರಬಹುದು. ವೈರ್ ಸೈಲೆನ್ಸರ್‌ನಿಂದ ದೂರ ಇರಲಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ವೈರೂ ಎಳೆಯಬಾರದು, ಹಗ್ಗವೂ ಸಿಕ್ಕಿಕೊಳ್ಳಬಾರದು. ಹಗ್ಗ ಗಿಡ್ಡವಾದರೆ ಎದ್ದು ನಿಂತಾಗಲೆಲ್ಲ ಎಂಜಿನ್ ಆಫ್ ಆಗಿ ತಲೆ ಕೆಡುತ್ತದೆ, ಕೊನೆಗೆ ಸವಾರ ಅದನ್ನು ಹಾಕಿಕೊಳ್ಳುವುದನ್ನೇ ಬಿಡುತ್ತಾನೆ. ಉದ್ದವಾದರೆ ಬಿದ್ದಾಗ ಎಳೆಯುವುದು ತಡ.

ಸ್ಕೀ-ಡೂ ಕಂಪನಿಯ ಎಷ್ಟೋ ಗಾಡಿಗಳಲ್ಲಿ ಟೆದರ್ ಕ್ಯಾಪ್‌ನೊಳಗೇ ಚಿಪ್ ಇರುತ್ತದೆ. ಅದರ ಕೋಡ್ ಹೊಂದದಿದ್ದರೆ ಗಾಡಿ ಓಡದು. ಅಂಥ ಕಡೆ ಸ್ವಂತ ವೈರಿಂಗ್‌ಗೆ ಕೈ ಹಾಕದಿರುವುದೇ ಜಾಣತನ.

ಕೆಲಸ ಮುಗಿದ ಮೇಲೆ ಎಂಜಿನ್ ಶುರು ಮಾಡಿ, ಥ್ರಾಟಲ್ ಮುಟ್ಟದೆ, ಕ್ಯಾಪ್ ಕಿತ್ತು ನೋಡಬೇಕು. ಆಮೇಲೂ ಅಷ್ಟೆ, ಪ್ರತಿ ಸಲ ಹೊರಡುವ ಮುನ್ನ. ಎರಡು ಸೆಕೆಂಡಿನ ಕೆಲಸ.

ಇನ್ನೊಂದು ಮಾತು. ಸ್ಟಾಪ್ ವೈರಿಗೆ ಸೇರಿಸುವ ಕಡೆ ಬಿಚ್ಚಿ ಹಾಕಬಹುದಾದ ಕನೆಕ್ಟರ್ ಇರಲಿ. ನಡುಗಾಡಿನ ಹಿಮದಲ್ಲಿ ಕ್ಯಾಪ್ ಕಳೆದುಹೋದರೆ ಮ್ಯಾಗ್ನೆಟೊ ಗಾಡಿಯಲ್ಲಿ ಆ ಕನೆಕ್ಟರ್ ಕಳಚಿದರಾಯಿತು, ಎಂಜಿನ್ ಮತ್ತೆ ಶುರುವಾಗುತ್ತದೆ. ತುಂಡಾದ ವೈರ್ ಮಾಡುವ ಮೋಸವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಆದರೆ ಮನೆ ಮುಟ್ಟುವವರೆಗೆ ಕಣ್ಣಿ ಇಲ್ಲದ ಸವಾರಿ, ನಿಧಾನಕ್ಕೆ ಓಡಿಸಬೇಕು.